ಆರ್‌ಸಿಬಿ ಮಾರಾಟ: ಅಭಿಮಾನಿ ಕೇಳದ ಪ್ರಶ್ನೆ

2025ರ ನವೆಂಬರ್ ಮೊದಲ ವಾರ ಬೆಳಗಾವಿ ಜಿಲ್ಲೆಯಲ್ಲಿ ಎರಡು ಸುದ್ದಿಗಳು ಜೊತೆಜೊತೆಗೇ ಓಡಾಡಿದವು. ಟನ್ ಕಬ್ಬಿಗೆ 3,500 ರೂಪಾಯಿ ಕೊಡಿ ಎಂದು ರೈತರು ಗುರ್ಲಾಪುರ ಕ್ರಾಸಿನಲ್ಲಿ ಕೂತಿದ್ದರು. ಅದರ ಕಾವು ಜಿಲ್ಲೆಯ ಕಬ್ಬಿನ ತಾಲ್ಲೂಕುಗಳಿಗೆಲ್ಲ ಹಬ್ಬಿತ್ತು. ಅದೇ ವಾರ, 5ನೇ ತಾರೀಖು, ಯುನೈಟೆಡ್ ಸ್ಪಿರಿಟ್ಸ್ ಕಂಪನಿ ಷೇರುಪೇಟೆಗೆ ಪತ್ರ ಬರೆದು, ಆರ್‌ಸಿಬಿಯ ಪುರುಷರ ಮತ್ತು ಮಹಿಳೆಯರ ತಂಡಗಳನ್ನು ನಡೆಸುವ ಅಂಗಸಂಸ್ಥೆಯಲ್ಲಿನ ತನ್ನ ಹೂಡಿಕೆಯನ್ನು ಮರುಪರಿಶೀಲಿಸುತ್ತಿರುವುದಾಗಿಯೂ 2026ರ ಮಾರ್ಚ್ 31ರೊಳಗೆ ಅದನ್ನು ಮುಗಿಸುವ ಗುರಿಯಿರುವುದಾಗಿಯೂ ತಿಳಿಸಿತು. ಕಂಪನಿ ಬಳಸಿದ ಮಾತು ಮರುಪರಿಶೀಲನೆ. ಅಭಿಮಾನಿಗಳು ಅದನ್ನು ಮಾರಾಟ ಎಂದೇ ಓದಿದರು, ಸರಿಯಾಗಿಯೇ ಓದಿದರು. ಆದರೆ ಓದಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: ಕೊಳ್ಳುವವರು ಯಾರು? ಲಸಿಕೆ ಉದ್ಯಮಿ ಅದಾರ್ ಪೂನಾವಾಲಾ ಆದರೆ ಹೇಗೆ, ಸಿನಿಮಾ ನಿರ್ಮಾಪಕರಾದ ಹೊಂಬಾಳೆಯವರು ಕೈಹಾಕಿದರೆ ಎಷ್ಟು ಚಂದ, ಕನ್ನಡಿಗರ ತಂಡ ಕನ್ನಡಿಗರ ಕೈಯಲ್ಲೇ ಇರಬೇಕಲ್ಲವೇ? ಬೈಲಹೊಂಗಲ, ಸವದತ್ತಿಯ ಚಹಾದಂಗಡಿಯಿಂದ ಬೆಂಗಳೂರಿನ ಸ್ಟುಡಿಯೋಗಳವರೆಗೆ ಚರ್ಚೆ ವರ ಹುಡುಕುವ ಧಾಟಿಯಲ್ಲೇ ನಡೆಯಿತು. ಅತ್ತ ರಸ್ತೆಯಲ್ಲಿ ಕೂತ ರೈತ ಕಾರ್ಖಾನೆಯ ಮಾಲೀಕ ಯಾವ ಊರಿನವನು ಎಂದು ಕೇಳಲಿಲ್ಲ. ಒಂದು ಅಂಕಿ ಹೇಳಿದ, ಅದಕ್ಕೇ ಅಂಟಿಕೊಂಡ. 7ನೇ ತಾರೀಖು ಸರ್ಕಾರ 3,300 ರೂಪಾಯಿ ಎಂದು ತೀರ್ಮಾನಿಸಿತು. ಕೇಳಿದ್ದಕ್ಕಿಂತ ಕಡಿಮೆಯೇ ಹೌದು, ಆದರೆ ಕೇಳಿದ್ದಕ್ಕೆ ಉತ್ತರ ಬಂತು. ಅಭಿಮಾನಿಗೆ ಉತ್ತರವೇ ಬರಲಿಲ್ಲ, ಏಕೆಂದರೆ ಅವನು ತನಗಾಗಿ ಏನನ್ನೂ ಕೇಳಿರಲಿಲ್ಲ.

ನಮ್ಮವರೇ ಮಾಲೀಕರಾದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಈ ತಂಡದ ಚರಿತ್ರೆಯೇ ಸುಳ್ಳು ಮಾಡಿದೆ. 2008ರಲ್ಲಿ 11.16 ಕೋಟಿ ಡಾಲರ್ ಕೊಟ್ಟು ತಂಡ ಕೊಂಡವರು ವಿಜಯ್ ಮಲ್ಯ. ಬೆಂಗಳೂರಿನ ಮನೆ, ಬೆಂಗಳೂರಿನ ಕಂಪನಿ, ಕರ್ನಾಟಕದಿಂದಲೇ ರಾಜ್ಯಸಭೆಯ ಸ್ಥಾನ. ಇದಕ್ಕಿಂತ ಹತ್ತಿರದ ಮಾಲೀಕ ಇನ್ನೆಲ್ಲಿ ಸಿಗಬೇಕು? ಅವರ ಕಾಲದಲ್ಲಿ ಕಪ್ ಬರಲಿಲ್ಲ, ಹೆಸರಿನಲ್ಲಿ ‘ಬ್ಯಾಂಗಲೋರ್’ ಹೋಗಲಿಲ್ಲ, ಕೊನೆಗೆ ಅವರೇ ದೇಶ ಬಿಟ್ಟು ಹೋದರು. ‘ಬೆಂಗಳೂರು’ ಎಂಬ ಹೆಸರು ಬಂದದ್ದು 2024ರ ಮಾರ್ಚ್‌ನಲ್ಲಿ, ಲಂಡನ್ ಮೂಲದ ಡಿಯಾಜಿಯೊ ಒಡೆತನದ ಯುನೈಟೆಡ್ ಸ್ಪಿರಿಟ್ಸ್ ಕೈಕೆಳಗೆ. ಮಹಿಳೆಯರ ಮೊದಲ ಕಪ್ ಅದೇ ತಿಂಗಳು, ಪುರುಷರದ್ದು 2025ರ ಜೂನ್ 3ರಂದು. ಹೆಸರು ಬದಲಾದದ್ದು ಮಾಲೀಕರ ಔದಾರ್ಯ ಎಂದು ನಾನು ಹೇಳುತ್ತಿಲ್ಲ. ಅಭಿಮಾನಿಗಳು ಒಂದೇ ಮಾತನ್ನು ವರ್ಷಗಟ್ಟಲೆ ಬಿಡದೆ ಹೇಳಿದ್ದರ ಫಲ ಅದು. ಗಟ್ಟಿಯಾದ, ಎಣಿಸಬಹುದಾದ ಬೇಡಿಕೆಗೆ ದೂರದ ಸಾಹುಕಾರನೂ ಬಗ್ಗುತ್ತಾನೆ. ಬರೀ ಅಭಿಮಾನಕ್ಕೆ ಹತ್ತಿರದವನೂ ಬಗ್ಗುವುದಿಲ್ಲ.

ಇದಕ್ಕೆ ಮೊದಲ ಆಕ್ಷೇಪ ಕೇಳಿಸುತ್ತಿದೆ: ರೈತ ಕಬ್ಬು ಬೆಳೆಯುತ್ತಾನೆ, ಅಭಿಮಾನಿ ಏನು ಬೆಳೆಯುತ್ತಾನೆ? ಹೊಟ್ಟೆಪಾಡನ್ನೂ ಆಟವನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು, ಒಪ್ಪೋಣ. ಆದರೆ ಅಭಿಮಾನಿ ಬರಿಗೈಯವನು ಎಂಬ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರದ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಆ ಹಣದಲ್ಲಿ ತಂಡಗಳಿಗೂ ಪಾಲಿದೆ. ತಂಡದ ಬೆಲೆ ಏರಿದ್ದು ಮುಖ್ಯವಾಗಿ ಅದರಿಂದ. ರಾಮದುರ್ಗದಲ್ಲಿ ಕೂತು ಮೊಬೈಲಿನಲ್ಲಿ ಪಂದ್ಯ ನೋಡುವ ಹುಡುಗ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟನ್ನೂ ಕಂಡಿರಲಿಕ್ಕಿಲ್ಲ. ಆದರೂ ಈ ಕಾರ್ಖಾನೆ ಅರೆಯುವುದು ಅವನ ಕಣ್ಣನ್ನೇ, ಅವನ ಸಂಜೆಗಳನ್ನೇ. ಕಬ್ಬು ಹಾಕುವವನಿಗೆ ಕಾಟಾದ ಮೇಲೆ ನಿಂತ ತೂಕ ತೋರಿಸಬೇಕು ಎಂದಾದರೆ ಇವನಿಗೂ ಏನನ್ನಾದರೂ ತೋರಿಸಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು, ಅದು ಹುಟ್ಟುವುದೂ ಈ ನೆಲದಲ್ಲೇ. ಒಡೆತನದಲ್ಲೇ ಪಾಲುದಾರಿಕೆ ಇದ್ದರೆ ತಾನೇ ಏನಾಯಿತು? ರಾಮದುರ್ಗ ತಾಲ್ಲೂಕಿನ ಖಾನಪೇಟೆಯ ಧನಲಕ್ಷ್ಮಿ ಸಹಕಾರಿ ಸಕ್ಕರೆ ಕಾರ್ಖಾನೆ ರೈತರ ಷೇರಿನಿಂದ ಎದ್ದದ್ದು. ಅದನ್ನು ಜಿಎಂಆರ್ ಸಮೂಹದ ಕಂಪನಿ ಲೀಸಿಗೆ ಪಡೆಯಿತು. 2010ರಲ್ಲಿ ಜಿಎಂಆರ್‌ನ ಸಕ್ಕರೆ ಕಂಪನಿ ಇಐಡಿ ಪ್ಯಾರಿಯ ಪಾಲಾದಾಗ ಲೀಸೂ ಅದರ ಬೆನ್ನಿಗೇ ಹೋಯಿತು. (2008ರಲ್ಲಿ ದೆಹಲಿಯ ಐಪಿಎಲ್ ತಂಡ ಕೊಂಡದ್ದೂ ಇದೇ ಜಿಎಂಆರ್. 2018ರಲ್ಲಿ ಅದರ ಅರ್ಧ ಪಾಲು ಹೋದದ್ದು ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಒಡೆಯರಾದ ಜೆಎಸ್‌ಡಬ್ಲ್ಯೂಗೆ. ಸಕ್ಕರೆಯೂ ಆಟವೂ ಒಂದೇ ಪೇಟೆಯಲ್ಲಿ ತಿರುಗುತ್ತವೆ.) ಅಂದರೆ ಷೇರು ಹಿಡಿದವರ ಕಾರ್ಖಾನೆಯೂ ಕೈಯಿಂದ ಕೈಗೆ ದಾಟಬಲ್ಲದು. ನಿಜ. ಆದರೆ ನಡೆಸುವ ಕೈ ಯಾವುದೇ ಇರಲಿ, ಕಬ್ಬು ಒಪ್ಪಿಸಿದ 14 ದಿನದೊಳಗೆ ಬಿಲ್ ಕೊಡಬೇಕು, ತಪ್ಪಿದರೆ ಬಡ್ಡಿ ಸೇರಿಸಬೇಕು ಎಂಬ 1966ರ ಕಬ್ಬು ನಿಯಂತ್ರಣ ಆದೇಶದ ಕಟ್ಟಳೆ ಬದಲಾಗಲಿಲ್ಲ. ಪಾಲನೆ ಎಷ್ಟರಮಟ್ಟಿಗೆ ಎಂಬುದು ಬೇರೆ ಜಗಳ; ಆದರೆ ಜಗಳವಾಡಲು ಕೈಯಲ್ಲೊಂದು ಕಾಗದವಿದೆ. ಸಹಕಾರಿಯಾಗಲಿ ಖಾಸಗಿಯಾಗಲಿ, ಕರಾರು ಯಂತ್ರಕ್ಕೆ ಅಂಟಿದೆ, ಯಜಮಾನನಿಗಲ್ಲ. ಆರ್‌ಸಿಬಿಗೆ ಇಲ್ಲದಿರುವುದು ಇದೇ.

ಫುಟ್‌ಬಾಲ್ ಲೋಕ ಈ ಪಾಠವನ್ನು ಬೆಲೆ ತೆತ್ತು ಕಲಿತಿದೆ. ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಮಾಲೀಕರು ದೂರದ ಮಿಲ್ಟನ್ ಕೀನ್ಸ್‌ಗೆ ಎತ್ತಿಕೊಂಡು ಹೋಗಲು 2002ರಲ್ಲಿ ಅನುಮತಿ ಸಿಕ್ಕಿತು. ಅಭಿಮಾನಿಗಳು ಅದೇ ವರ್ಷ ತಮ್ಮದೇ ಹೊಸ ಕ್ಲಬ್ ಕಟ್ಟಬೇಕಾಯಿತು. ಕಾರ್ಡಿಫ್ ತಂಡದ ನೀಲಿ ಅಂಗಿಯನ್ನು ಮಲೇಷ್ಯಾದ ಮಾಲೀಕ 2012ರಲ್ಲಿ ಕೆಂಪು ಮಾಡಿದ; 2015ರಲ್ಲಿ ನೀಲಿಗೇ ಮರಳಬೇಕಾಯಿತು. ಜರ್ಮನಿಯಲ್ಲಿ, ಕೆಲವು ವಿನಾಯಿತಿ ಬಿಟ್ಟರೆ, ಮತದ ಅರ್ಧಕ್ಕಿಂತ ಹೆಚ್ಚು ಪಾಲು ಕ್ಲಬ್ಬಿನ ಸದಸ್ಯರಲ್ಲೇ ಉಳಿಯಬೇಕೆಂಬ ನಿಯಮವಿದೆ. ಇಂಗ್ಲೆಂಡ್ 2025ರಲ್ಲಿ ಫುಟ್‌ಬಾಲ್ ಆಡಳಿತಕ್ಕೇ ಕಾನೂನು ತಂದು, ಲಾಂಛನ, ಬಣ್ಣ, ಮೈದಾನದ ವಿಷಯದಲ್ಲಿ ಮಾಲೀಕ ಮನಬಂದಂತೆ ಕುಣಿಯದಂತೆ ಕಟ್ಟುಹಾಕಿತು. ಐಪಿಎಲ್ ತಂಡ ಸದಸ್ಯರ ಕ್ಲಬ್ ಅಲ್ಲ, ಜರ್ಮನಿಯ ನಿಯಮ ಇಲ್ಲಿ ನಡೆಯದು ಎಂಬುದು ಸರಿ. ಇಂಗ್ಲೆಂಡಿನ ಕ್ಲಬ್ಬುಗಳೂ ಬಹುಪಾಲು ಖಾಸಗಿ ಸೊತ್ತೇ. ಅಲ್ಲಿ ಒಡೆತನವನ್ನು ಮುಟ್ಟದೆ ಷರತ್ತು ಹಾಕಿದ್ದಾರೆ.

ನಮ್ಮಲ್ಲಿ ಷರತ್ತು ಹಾಕುವವರು ಯಾರು ಎಂದು ಕೇಳಬಹುದು. ಕ್ರೀಡಾಂಗಣಕ್ಕೆ ಪೊಲೀಸ್, ಪರವಾನಗಿ, ರಸ್ತೆ, ನೀರು ಕೊಡುವುದು ಸರ್ಕಾರ. ಆ ಮಟ್ಟಿಗೆ ಅದಕ್ಕೆ ಹಿಡಿತವಿದೆ. 2025ರ ಜೂನ್ 4ರಂದು ಚಿನ್ನಸ್ವಾಮಿಯ ಗೇಟುಗಳ ಬಳಿ ವಿಜಯೋತ್ಸವ ನೋಡಲು ಬಂದ 11 ಜನ ಕಾಲ್ತುಳಿತದಲ್ಲಿ ಸತ್ತ ಮೇಲೆ ಆ ಹಿಡಿತ ಬಳಸುವುದು ಕರ್ತವ್ಯವೂ ಆಗಿದೆ. ಇಡೀ ಮಾರಾಟದ ಚರ್ಚೆಯಲ್ಲಿ ನನಗೆ ಅತ್ಯಂತ ಕಸಿವಿಸಿ ತಂದದ್ದು ಇದೇ: ಆ ಚರ್ಚೆಗೆ ಐದು ತಿಂಗಳ ಹಿಂದಷ್ಟೇ ತಮ್ಮಂಥವರೇ 11 ಜನ ಸತ್ತಿದ್ದರೂ, ಹೊಸ ಮಾಲೀಕನ ಬಗ್ಗೆ ಅಭಿಮಾನಿಗಳು ಆಡಿದ ಮಾತಿನಲ್ಲಿ ಗೇಟಿನ ಸುದ್ದಿ ಬಲು ಕಡಿಮೆ, ಹರಾಜಿನಲ್ಲಿ ಯಾವ ಆಟಗಾರರನ್ನು ಕೊಳ್ಳಬಹುದು ಎಂಬುದೇ ಹೆಚ್ಚು.

ಹಾಗಾಗಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಅಭಿಮಾನಿಗಳಿಗೆ ಒಂದು ಮಾತು. ತಂಡ ಯಾರ ಕೈಯಲ್ಲೇ ಇರಲಿ, ಮೂರು ಸಂಗತಿ ಬರಹದಲ್ಲಿ ಕೇಳಿ: ಹೆಸರೂ ತವರು ಮೈದಾನವೂ ಬದಲಾಗಬೇಕಿದ್ದರೆ ಮೊದಲು ಬಹಿರಂಗ ವಿಚಾರಣೆ, ಜನ ಸೇರುವ ಪ್ರತಿ ಕಾರ್ಯಕ್ರಮಕ್ಕೂ ಹೊಣೆಗಾರರ ಹೆಸರು ಮುಂಚೆಯೇ ಪ್ರಕಟಣೆ, ಜೂನ್ 4ರಂದು ಸತ್ತವರ ಕುಟುಂಬಗಳಿಗೆ ತಂಡ ಕೊಟ್ಟ ನೆರವಿನ ಮಾತು ಹೊಸ ಮಾಲೀಕರ ಮೇಲೂ ಬೀಳುವಂತೆ ಒಪ್ಪಂದ. ನಿಮ್ಮ ಶಾಸಕರಿಗೆ ಕಬ್ಬಿನ ದರದ ಮನವಿ ಕೊಡುವುದು ಹೇಗೆಂದು ನಿಮಗೆ ಗೊತ್ತು. ಇದನ್ನೂ ಅದೇ ಕಚೇರಿಗೆ ಕೊಡಿ.