ಎರಡು ದನಿಗಳ ನಡುವಿನ ಹಾಡು

ಹೆಂಗಸರ ಹಾಡುಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ನಾವು ಹೆಚ್ಚಾಗಿ ಅವುಗಳ ಸಾಹಿತ್ಯದ ಬಗ್ಗೆಯೇ ಬರೆಯುತ್ತೇವೆ. ತವರಿನ ಹಂಬಲ, ಅತ್ತೆಮನೆಯ ಕಷ್ಟ, ದೇವರೊಂದಿಗಿನ ಸಲುಗೆ ಎಂದು ವಿಂಗಡಿಸಿ, ನಾಲ್ಕು ಸಾಲು ಉದಾಹರಿಸಿ ಮುಗಿಸುತ್ತೇವೆ. ಎಷ್ಟು ಮಂದಿ ಹಾಡಿದರು, ಯಾರು ಎತ್ತಿಕೊಟ್ಟರು, ಯಾರು ಸೇರಿಕೊಂಡರು ಎಂಬುದು ವಿಮರ್ಶೆಯ ವಿಷಯವಾಗುವುದು ಅಪರೂಪ. ಈ ಪ್ರಶ್ನೆಗಳನ್ನು ಬಿಟ್ಟು ಕೇಳಲಿಕ್ಕೇ ಆಗದ ಒಂದು ಆಲ್ಬಮ್ ಇದೆ: 2007ರಲ್ಲಿ ಬಂದ ‘ದಿ ಬೇರ್ನ್ಸ್’.

ರೇಚೆಲ್ ಮತ್ತು ಬೆಕಿ ಅನ್‌ಥ್ಯಾಂಕ್ ಈಶಾನ್ಯ ಇಂಗ್ಲೆಂಡಿನ ಅಕ್ಕತಂಗಿಯರು. ‘ರೇಚೆಲ್ ಅನ್‌ಥ್ಯಾಂಕ್ ಅಂಡ್ ದಿ ವಿಂಟರ್‌ಸೆಟ್’ ಎಂಬ ಅವರ ಆಗಿನ ತಂಡದಲ್ಲಿ ಇದ್ದವರು ನಾಲ್ವರೂ ಹೆಂಗಸರೇ. ಪಿಯಾನೋಗೆ ಬೆಲಿಂಡಾ ಒಹೂಲಿ, ಪಿಟೀಲಿಗೆ ನಿಯೋಫಾ ಕೀಗನ್. ಆಲ್ಬಮ್ 2008ರಲ್ಲಿ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ‘ಬೇರ್ನ್ಸ್’ ಎಂದರೆ ಅವರ ಸೀಮೆಯ ಮಾತಿನಲ್ಲಿ ಮಕ್ಕಳು. ಹೊರಗಿನವರಿಗೆ ತಿಳಿಯಲಿ ಎಂದು ಅವರು ತಮ್ಮ ಆಡುನುಡಿಯನ್ನು ತಿದ್ದಿಕೊಂಡಿಲ್ಲ. ಮನೆಯಲ್ಲಿ ಹವಿಗನ್ನಡ ಆಡುವವರಿಗೆ ಇದರ ಬೆಲೆ ಬೇಗ ಅರ್ಥವಾದೀತು.

ರೇಚೆಲ್ ದನಿ ನೇರ, ತೆರೆದದ್ದು. ಬೆಕಿಯದು ಉಸಿರು ಬೆರೆತ, ಪಿಸುಮಾತಿಗೆ ಹತ್ತಿರವಾದ ದನಿ. ಒಂದೇ ಸಾಲನ್ನು ಇಬ್ಬರೂ ಬೇರೆ ಬೇರೆ ಸ್ವರಗಳಲ್ಲಿ ಏಕಕಾಲಕ್ಕೆ ಹಾಡುತ್ತಾರೆ. ಇದೇ ಹಾರ್ಮನಿ. ‘ಫೆಲ್ಟನ್ ಲೋನಿನ್’ ಎಂಬ ಜನಪದ ಗೀತೆಯಲ್ಲಿ ಹಸುಗಳು ಮನೆಗೆ ಬಂದಿವೆ, ಮಗ ಬಂದಿಲ್ಲ. ಕಾಡಿನಂಚಿನ ಊರುಗಳಲ್ಲಿ ಸಂಜೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತವರಿಗೆ ಈ ಆತಂಕವನ್ನು ವಿವರಿಸಬೇಕಿಲ್ಲ. ಒಬ್ಬಳೇ ಹಾಡಿದರೆ ಅದು ಒಬ್ಬ ತಾಯಿಯ ಅಳಲು. ಎರಡನೆಯ ದನಿ ಸೇರಿದಾಗ ಪಕ್ಕದಲ್ಲಿ ಇನ್ನೊಬ್ಬಳು ಬಂದು ನಿಂತಂತಾಗುತ್ತದೆ. ಸಾಹಿತ್ಯದಲ್ಲಿ ಇಲ್ಲದ ಸಮಾಧಾನವೊಂದು ದನಿಗಳ ನಡುವೆ ಹುಟ್ಟುತ್ತದೆ.

ಶಿರಸಿ ಸೀಮೆಯ ಮದುವೆ ಹಾಡುಗಳಲ್ಲಿ ಇಂಥ ಸ್ವರಭೇದದ ಹಾರ್ಮನಿ ಇಲ್ಲ. ಇರುವುದು ಬೇರೆಯೇ ಒಂದು ಕ್ರಮ. ಒಬ್ಬಿಬ್ಬರು ಎತ್ತಿಕೊಡುತ್ತಾರೆ, ಉಳಿದವರು ತಿರುಗಿ ಹೇಳುತ್ತಾರೆ. ಧಾಟಿ ಒಂದೇ, ಆದರೆ ಒಬ್ಬರ ದನಿ ಅರೆಗಳಿಗೆ ಮುಂದೆ, ಇನ್ನೊಬ್ಬರದು ಹಿಂದೆ. ಒಬ್ಬರು ಉಸಿರು ತೆಗೆದುಕೊಂಡ ಜಾಗವನ್ನು ಮತ್ತೊಬ್ಬರು ತುಂಬುತ್ತಾರೆ. ಸಂಗೀತ ಕಲಿತ ಕಿವಿಗೆ ಇದು ಶ್ರುತಿ ಸೇರದ ಗುಂಪುಗಾಯನ ಅನ್ನಿಸಬಹುದು. ‘ದಿ ಬೇರ್ನ್ಸ್’ ಕೇಳಿದ ಮೇಲೆ ಅದನ್ನು ಹಾಗೆ ತಳ್ಳಿಹಾಕುವುದು ಕಷ್ಟ. ಇಲ್ಲೂ ಅರ್ಥ ಹುಟ್ಟುವುದು ದನಿಗಳ ನಡುವೆಯೇ.

ಸೋಂದೆಯಲ್ಲಿ ಈ ಮಾತಿಗೆ ಇನ್ನೊಂದು ಆಧಾರವಿದೆ. ಇಲ್ಲಿ ವೃಂದಾವನಸ್ಥರಾದ ವಾದಿರಾಜರ ‘ಲಕ್ಷ್ಮೀ ಶೋಭಾನೆ’ ಮಾಧ್ವರ ಮನೆಗಳಲ್ಲಿ ಹೆಂಗಸರು ಕೂಡಿ ಹಾಡುವ ಕೃತಿ. ಕವಿ ಯಾರೆಂದು ಎಲ್ಲರಿಗೂ ಗೊತ್ತು. ತಲೆಮಾರುಗಳಿಂದ ಅದನ್ನು ಮದುವೆಮನೆಯಲ್ಲಿ ಜೀವಂತವಾಗಿಟ್ಟ ದನಿಗಳಿಗೆ ಮಾತ್ರ ಹೆಸರಿಲ್ಲ. ಹಾಲಕ್ಕಿ ಹಾಡುಗಳ ಭಂಡಾರವೆನಿಸಿದ್ದ ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. ಸಲ್ಲಬೇಕಾದದ್ದೇ. ಆದರೂ ಪ್ರಶಸ್ತಿಗೆ ಒಂದೇ ಹೆಸರು ಬೇಕು, ಹಾಡಿಗೆ ಜೊತೆಗಾತಿಯರು ಬೇಕು.

ಈಗ ಕಲ್ಯಾಣ ಮಂಟಪಗಳಲ್ಲಿ ಹಾಡಿಗೊಂದು ಮೈಕು ಬಂದಿದೆ. ಮೈಕಿನ ಮುಂದೆ ಚೆನ್ನಾಗಿ ಹಾಡುವವರೊಬ್ಬರು ಕೂರುತ್ತಾರೆ, ಸುತ್ತಲಿನವರು ಕೇಳುಗರಾಗುತ್ತಾರೆ. ಹಾಡು ಮೊದಲಿಗಿಂತ ದೂರ ಕೇಳಿಸುತ್ತದೆ, ಸಾಹಿತ್ಯದ ಒಂದಕ್ಷರವೂ ಕಳೆಯುವುದಿಲ್ಲ. ಕಳೆಯುವುದು ತಿರುಗಿ ಹೇಳುವವರ ಪಾಲು. ದನಿ ಅಷ್ಟೇನೂ ಚೆನ್ನಾಗಿಲ್ಲದ ಹೆಂಗಸೂ ಹಾಡುಗಾರ್ತಿಯಾಗುತ್ತಿದ್ದದ್ದು, ಚಿಕ್ಕ ಹುಡುಗಿ ಪಕ್ಕದಲ್ಲಿ ಕೂತು ಕಲಿಯುತ್ತಿದ್ದದ್ದು ಆ ಪಾಲಿನಿಂದಲೇ.

ಹಾಗೆಂದು ಅನ್‌ಥ್ಯಾಂಕ್ ಸಹೋದರಿಯರನ್ನು ಮಾದರಿ ಮಾಡಿಕೊಂಡು ನಮ್ಮ ಹಾಡುಗಳಿಗೆ ಪಿಯಾನೋ, ಹಾರ್ಮನಿ ಹಚ್ಚಬೇಕಿಲ್ಲ. ಅವರ ಆಲ್ಬಮಿಗೂ ಮಿತಿಯಿದೆ. ಅದರ ಬಹುಪಾಲು ನಿಧಾನಗತಿಯ ವಿಷಾದದಲ್ಲೇ ಸಾಗುತ್ತದೆ; ಬೀಗರನ್ನು ಹೀಗಳೆಯುವ ನಮ್ಮ ಹಾಡುಗಳ ಕೀಟಲೆ, ನಡುವೆಯೇ ಉಕ್ಕಿಬರುವ ನಗು ಅಲ್ಲಿ ಕಡಿಮೆ. ಅವರಿಂದ ಪಡೆಯಬಹುದಾದದ್ದು ಕೇಳುವ ಕ್ರಮ.

ಹಾಡು ಸಂಗ್ರಹಿಸಲು ಹೊರಡುವ ವಿದ್ಯಾರ್ಥಿಗಳಿಗೆ ಇದರಿಂದ ಒಂದು ಸಣ್ಣ ಕೆಲಸವಾದರೂ ಒದಗುತ್ತದೆ. ಅಜ್ಜಿಯೊಬ್ಬರನ್ನೇ ಕೂರಿಸಿ ಹಾಡಿಸಬೇಡಿ, ಅವರ ಜೊತೆಗೆ ಹಾಡುತ್ತಿದ್ದವರನ್ನೂ ಕರೆಸಿ. ಫೋನನ್ನು ಒಬ್ಬರ ಬಾಯಿಯ ಹತ್ತಿರ ಹಿಡಿಯದೆ ಎಲ್ಲರ ನಡುವೆ ಇಡಿ. ಆಮೇಲೆ ಸಾಲುಗಳನ್ನು ಬರೆದುಕೊಳ್ಳುವಾಗ, ಯಾವ ಸಾಲಿನಲ್ಲಿ ಯಾರು ಬಂದು ಸೇರಿಕೊಂಡರು ಎಂಬುದನ್ನೂ ಬರೆದಿಡಿ.