ಒಂದು ವರ್ಷದ ಕರಾರು

ಸ್ಪೇನಿನ ರಿಯಲ್ ಮ್ಯಾಡ್ರಿಡ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಒಂದು ರೂಢಿ ಬೆಳೆದುಬಂದಿತ್ತು. ಆಟಗಾರನಿಗೆ ಮೂವತ್ತು ದಾಟಿತೆಂದರೆ ಅವನ ಕರಾರನ್ನು ಒಂದೊಂದೇ ವರ್ಷಕ್ಕೆ ಮುಂದುವರಿಸುವುದು. ಹೆಸರು ಎಷ್ಟೇ ದೊಡ್ಡದಿರಲಿ, ಗೆದ್ದ ಕಪ್ಪುಗಳು ಎಷ್ಟೇ ಇರಲಿ, ಎರಡನೆಯ ವರ್ಷದ ಮಾತನ್ನು ಮುಂದಿನ ವರ್ಷ ನೋಡೋಣ ಎನ್ನುವ ಲೆಕ್ಕ. 2021ರ ಜೂನ್ 17ರಂದು ಸೆರ್ಗಿಯೊ ರಾಮೋಸ್ ಎಂಬ ನಾಯಕ, ಹದಿನಾರು ವರ್ಷ ಆಡಿದ ಆ ಕ್ಲಬ್ಬಿಗೆ ಕಣ್ಣೀರಿಡುತ್ತ ವಿದಾಯ ಹೇಳಿದ. ಜಗಳದ ಬೇರು ಇದ್ದದ್ದು ಈ ರೂಢಿಯಲ್ಲೇ.

ಒಂದು ವರ್ಷದ ಕರಾರು ಎಂದರೇನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸರ್ಕಾರಿ ಶಾಲೆಗಳ ಅತಿಥಿ ಶಿಕ್ಷಕಿಯರು ಪ್ರತಿ ವರ್ಷವೂ ಹೊಸದಾಗಿ ಅರ್ಜಿ ಹಾಕಿ, ಆದೇಶ ಬರುವವರೆಗೆ ಉಸಿರು ಬಿಗಿಹಿಡಿದು ಕೂರುವುದನ್ನು ನೋಡುತ್ತಲೇ ಬಂದಿದ್ದೇನೆ. ಕೋಟಿಗಟ್ಟಲೆ ಸಂಪಾದಿಸುವ ಆಟಗಾರನ ಕಷ್ಟವನ್ನು ಅವರ ಕಷ್ಟದ ಪಕ್ಕದಲ್ಲಿಟ್ಟರೆ ಅವರೇ ನನ್ನನ್ನು ಬೈದಾರು, ಬೈಯಲೂ ಬೇಕು. ಆದರೂ ಆ ದಿನ ರಾಮೋಸ್ ಹೇಳಿದ ಒಂದು ಮಾತು ನನಗೆ ಪರಿಚಿತವೆನಿಸಿತು. ಹಣ ತನಗೆ ಸಮಸ್ಯೆಯೇ ಆಗಿರಲಿಲ್ಲ, ತನಗೂ ಮನೆಯವರಿಗೂ ನೆಮ್ಮದಿಯಿರಲೆಂದು ಎರಡು ವರ್ಷ ಕೇಳಿದೆ ಎಂದ. ಸ್ಟಾಫ್ ರೂಮಿನಲ್ಲಿ ನಾನು ಕೇಳಿದ ಮಾತೂ ಹೆಚ್ಚುಕಡಿಮೆ ಅದೇ.

ರಾಮೋಸ್ ನನ್ನ ಮೆಚ್ಚಿನ ಆಟಗಾರನೇನಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಕ್ಲಬ್ಬಿನ ಪರವಾಗಿ ಆಡುತ್ತ ಇಪ್ಪತ್ತಕ್ಕೂ ಹೆಚ್ಚು ಸಲ ಕೆಂಪು ಕಾರ್ಡ್ ತೋರಿಸಿಸಿಕೊಂಡವನು. 2018ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಈಜಿಪ್ಟಿನ ಸಲಾ ಇವನ ಜೊತೆ ಕೆಳಗೆ ಬಿದ್ದು, ಭುಜಕ್ಕೆ ಪೆಟ್ಟಾಗಿ ಅಳುತ್ತ ಮೈದಾನ ಬಿಟ್ಟದ್ದನ್ನು ನಾನಿನ್ನೂ ಮರೆತಿಲ್ಲ. (ಮಧ್ಯರಾತ್ರಿ ಕಳೆದ ಮೇಲೆ ಟಿ.ವಿ. ಹಾಕಿಕೊಂಡು ಕೂರುವ ಈ ಚಟ ಮಗನ ಸಹವಾಸದಿಂದ ಹತ್ತಿದ್ದು. ಅವನು ಊರು ಬಿಟ್ಟ, ಚಟ ನನ್ನಲ್ಲೇ ಉಳಿಯಿತು.) ಆದರೆ ಆಟದ ಲೆಕ್ಕ ಬೇರೆ. 2005ರಲ್ಲಿ ಹತ್ತೊಂಬತ್ತರ ಹುಡುಗನಾಗಿ ಸೆವಿಯ್ಯಾ ಕ್ಲಬ್ಬಿನಿಂದ ಬಂದವನು 671 ಪಂದ್ಯ ಆಡಿದ, 22 ಪ್ರಶಸ್ತಿಗಳಲ್ಲಿ ಪಾಲು ಪಡೆದ, ಗೋಲು ತಡೆಯುವುದೇ ಕೆಲಸವಾದ ಜಾಗದಲ್ಲಿ ನಿಂತೂ 101 ಗೋಲು ಹೊಡೆದ. 2014ರ ಲಿಸ್ಬನ್ ಫೈನಲ್‌ನಲ್ಲಿ ಸೋಲು ಖಚಿತವಾಗಿದ್ದಾಗ, 93ನೆಯ ನಿಮಿಷದಲ್ಲಿ, ಮೋಡ್ರಿಚ್ ಹೊಡೆದ ಕಾರ್ನರ್‌ಗೆ ತಲೆಕೊಟ್ಟು ಸಮ ಮಾಡಿದವನು ಇವನೇ. ಹೆಚ್ಚುವರಿ ಸಮಯದಲ್ಲಿ ಮ್ಯಾಡ್ರಿಡ್ 4-1ರಿಂದ ಗೆದ್ದಿತು.

ಇಂಥವನನ್ನು ಮೂವತ್ತೈದರಲ್ಲಿ ಉಳಿಸಿಕೊಳ್ಳಬೇಕಿತ್ತೆ, ಬಿಡಬೇಕಿತ್ತೆ? ಆಗ ಬಂದ ಬರಹಗಳೆಲ್ಲ ಎರಡು ಪಕ್ಷವಾಗಿ ನಿಂತವು. ಋಣ ತೀರಿಸಬೇಡವೆ ಎಂದು ಒಂದು ಪಕ್ಷ. ಕ್ಲಬ್ ಎಂದರೆ ಛತ್ರವಲ್ಲ ಎಂದು ಇನ್ನೊಂದು. ಎರಡೂ ಪಕ್ಷದವರು ನೋಡಬೇಕಾದದ್ದನ್ನು ನೋಡಲಿಲ್ಲ ಎಂಬುದು ನನ್ನ ತಕರಾರು. ಋಣದ ಮಾತು ಆಡುವವರು ಹಿಂದಿನ ಹದಿನಾರು ವರ್ಷ ನೋಡಿದರು, ಲೆಕ್ಕದವರು ಹುಟ್ಟಿದ ತಾರೀಕು ನೋಡಿದರು. ಆ ಮನುಷ್ಯ ಮೈದಾನದಲ್ಲಿ ಯಾವ ಬಗೆಯಲ್ಲಿ ಆಡುತ್ತಾನೆ, ಆ ಬಗೆಯ ಆಟಕ್ಕೆ ಆಯುಷ್ಯ ಎಷ್ಟು ಎಂಬುದನ್ನು ಕೇಳಿದವರು ಕಡಿಮೆ.

ರಕ್ಷಣೆಯ ಆಟಗಾರನ ಕೆಲಸ ಒಂದು ರೀತಿಯಲ್ಲಿ ನಮ್ಮ ಅಡುಗೆಮನೆಯ ಕೆಲಸದ ಹಾಗೆ. ಗೋಲು ಹೊಡೆಯುವವನು ಒಂಬತ್ತು ಸಲ ತಪ್ಪಿ ಹತ್ತನೆಯ ಸಲ ಹೊಡೆದರೂ ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ತಡೆಯುವವನು ಒಂಬತ್ತು ಸಲ ತಡೆದು ಹತ್ತನೆಯ ಸಲ ತಪ್ಪಿದರೆ ಆ ಒಂದು ತಪ್ಪಿನ ಮಾತೇ ವಾರವೆಲ್ಲ. ಸಾರಿಗೆ ಉಪ್ಪು ಬಿಟ್ಟುಹೋದ ದಿನದ ಕಥೆ ಅದು. ಆದರೆ ಇದೇ ಕೆಲಸಕ್ಕೆ ಒಂದು ಅನುಕೂಲವೂ ಇದೆ. ಓಟದ ವೇಗ ಇಳಿದ ಮೇಲೂ ಕಣ್ಣು ಕೈಕೊಡುವುದಿಲ್ಲ. ಚೆಂಡು ಎಲ್ಲಿಗೆ ಬರುತ್ತದೆಂದು ಎರಡು ಕ್ಷಣ ಮೊದಲೇ ತಿಳಿದವನು ಓಡಬೇಕಾದದ್ದೇ ಕಡಿಮೆ. ಇಟಲಿಯ ಪಾವೊಲೊ ಮಾಲ್ದೀನಿ ಮಿಲಾನ್ ತಂಡದಲ್ಲಿ ನಲವತ್ತರವರೆಗೂ ಆಡಿದ್ದು ಈ ಕಣ್ಣಿನ ಬಲದ ಮೇಲೆ. ರಾಮೋಸ್‌ನ ಜೊತೆಯಲ್ಲೇ ವರ್ಷಗಟ್ಟಲೆ ನಿಂತಿದ್ದ ಪೋರ್ಚುಗಲ್ಲಿನ ಪೆಪೆ 2017ರಲ್ಲಿ ಮೂವತ್ತನಾಲ್ಕಕ್ಕೆ ಮ್ಯಾಡ್ರಿಡ್ ಬಿಟ್ಟ. ಆಮೇಲೆ ಏಳು ವರ್ಷ ಆಡಿದ. 2024ರ ಯೂರೊ ಕಪ್ಪಿನಲ್ಲಿ ನಲವತ್ತೊಂದರ ವಯಸ್ಸಿನಲ್ಲಿ ಫ್ರಾನ್ಸಿನ ಹುಡುಗರನ್ನು ಎದುರಿಸಿ ನಿಂತ. ಮೂವತ್ತಕ್ಕೆ ಎಳೆದ ಗೆರೆ ಇವರ ಮಟ್ಟಿಗೆ ಏನನ್ನು ಅಳೆಯಿತು?

2021ರ ಮೇ 5ರ ರಾತ್ರಿ ಲಂಡನ್ನಿನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಈ ಪ್ರಶ್ನೆಗೆಂದೇ ಏರ್ಪಡಿಸಿದ ಪಾಠದ ಹಾಗಿತ್ತು. ಮ್ಯಾಡ್ರಿಡ್ ಕಡೆ ಮೂವತ್ತೈದರ ರಾಮೋಸ್, ಚೆಲ್ಸಿ ಕಡೆ ಮೂವತ್ತಾರರ ಬ್ರೆಜಿಲ್ ಆಟಗಾರ ಥಿಯಾಗೊ ಸಿಲ್ವಾ. ರಾಮೋಸ್‌ಗೆ ಆ ವರ್ಷ ಮಂಡಿಯ ಶಸ್ತ್ರಚಿಕಿತ್ಸೆ, ಮೀನಖಂಡದ ನೋವು, ಕೊರೊನಾ ಎಲ್ಲ ಒಂದರ ಹಿಂದೊಂದು ಬಂದು, ಇಡೀ ಋತುವಿನಲ್ಲಿ ಆಡಿದ್ದು 21 ಪಂದ್ಯ. ಅವನ ಆಟ ಮುನ್ನುಗ್ಗುವ ಆಟ. ಚೆಂಡಿಗೆ ತಾನೇ ಎದುರು ಹೋಗಬೇಕು, ಎಗರಬೇಕು, ಮೈ ತಾಗಿಸಬೇಕು, ಅವಕಾಶ ಸಿಕ್ಕರೆ ಎದುರಾಳಿಯ ಗೋಲಿನವರೆಗೂ ಓಡಬೇಕು. ಅದಕ್ಕೆ ಮಂಡಿ ಗಟ್ಟಿಯಿರಬೇಕು. ಸಿಲ್ವಾನ ಆಟ ನಿಂತು ನೋಡುವ ಆಟ. ಅವನ ಬಟ್ಟೆಗೆ ಮಣ್ಣು ಮೆತ್ತುವುದೇ ಅಪರೂಪ. ಚೆಲ್ಸಿ 2-0ರಿಂದ ಗೆದ್ದಿತು, ಅದೇ ತಿಂಗಳ ಕೊನೆಗೆ ಕಪ್ಪನ್ನೂ ಗೆದ್ದಿತು. ಇಬ್ಬರಲ್ಲಿ ಹಿರಿಯನೇ ಗಟ್ಟಿಯಾಗಿ ಉಳಿದಿದ್ದ.

ಮುಂದಿನದು ಬೇಗ ಬೇಗ ನಡೆಯಿತು. ಮೇ 28ರಂದು ಮ್ಯಾಡ್ರಿಡ್ ಆಸ್ಟ್ರಿಯಾದ ಡೇವಿಡ್ ಅಲಾಬಾನನ್ನು ತಂದುಕೊಂಡಿತು. ರಾಮೋಸ್ ತೊಡುತ್ತಿದ್ದ 4ನೆಯ ನಂಬರಿನ ಅಂಗಿ ಮುಂದೆ ಅವನಿಗೇ ಹೋಯಿತು. ಜೂನ್ 4ರಂದು ಚೆಲ್ಸಿ ಸಿಲ್ವಾನಿಗೆ ಇನ್ನೊಂದು ವರ್ಷ ಕೊಟ್ಟಿತು. ಜೂನ್ 17ಕ್ಕೆ ರಾಮೋಸ್ ಹೊರಗೆ. ಅವನೇ ಹೇಳಿದ ಪ್ರಕಾರ, ಕ್ಲಬ್ ಸಂಬಳ ಇಳಿಸಿ ಒಂದು ವರ್ಷ ಕೊಡುವುದಾಗಿ ಹೇಳಿತ್ತು, ಅವನು ಎರಡು ಬೇಕೆಂದ. ಎಳೆದಾಡಿ, ಕೊನೆಗೆ ಒಂದಕ್ಕೇ ಒಪ್ಪಿಕೊಂಡು ಹೋದಾಗ ಆ ಮಾತಿನ ಗಡುವು ಮುಗಿದಿದೆ ಎಂದರು. ಗಡುವು ಇತ್ತೆಂಬುದೇ ಅವನಿಗೆ ಗೊತ್ತಿರಲಿಲ್ಲವಂತೆ.

ಕ್ಲಬ್ ಮಾಡಿದ್ದು ಸರಿ ಎನ್ನುವವರು ಕೂಡಲೇ 2022ನ್ನು ಎತ್ತಿ ಹಿಡಿಯುತ್ತಾರೆ. ರಾಮೋಸ್ ಪ್ಯಾರಿಸ್ಸಿನ ಪಿಎಸ್‌ಜಿ ಕ್ಲಬ್ ಸೇರಿದ. ಅಲ್ಲಿ ಅವನ ಮೊದಲ ಪಂದ್ಯ ನೋಡಲು ನವೆಂಬರ್ 28ರವರೆಗೆ ಕಾಯಬೇಕಾಯಿತು. ಮರುವರ್ಷ ಹಳೆಯ ಕ್ಲಬ್ಬೇ ಎದುರಾಳಿಯಾಗಿ ಬಂದಾಗ ಗಾಯದಿಂದಾಗಿ ಎರಡು ಪಂದ್ಯಗಳಲ್ಲೂ ಮೈದಾನಕ್ಕೆ ಇಳಿಯಲಾಗಲಿಲ್ಲ. ಇತ್ತ ಮ್ಯಾಡ್ರಿಡ್ ಅಲಾಬಾ, ಮಿಲಿಟಾವೊ ಜೋಡಿಯನ್ನಿಟ್ಟುಕೊಂಡು ಕಪ್ ಗೆದ್ದೇಬಿಟ್ಟಿತು. ಇನ್ನೇನು ಬೇಕು ಎನ್ನುತ್ತಾರೆ. ಆದರೆ ಅದೇ ಲೆಕ್ಕವನ್ನು ಇನ್ನೆರಡು ವರ್ಷ ಮುಂದಕ್ಕೆ ಓದಿದರೆ ಬೇರೆಯೇ ಕಾಣುತ್ತದೆ. ಎರಡನೆಯ ವರ್ಷ ರಾಮೋಸ್ ಪ್ಯಾರಿಸ್ಸಿನಲ್ಲಿ ನಲವತ್ತಕ್ಕೂ ಹೆಚ್ಚು ಪಂದ್ಯ ಆಡಿದ. ಅವನು ಕೇಳಿದ್ದ ಎರಡನೆಯ ವರ್ಷ ಇದೇ. 2023ರಲ್ಲಿ ಮೊದಲು ಇಪ್ಪತ್ತೈದರ ಮಿಲಿಟಾವೊ, ಆಮೇಲೆ ಅಲಾಬಾ, ಇಬ್ಬರಿಗೂ ಮಂಡಿಯ ಅಸ್ಥಿರಜ್ಜು ಹರಿಯಿತು. ಎಳೆಯ ಮಂಡಿಗೂ ಯಾರೂ ಖಾತರಿ ಪತ್ರ ಬರೆದುಕೊಡುವುದಿಲ್ಲ. ಆಮೇಲೆ ಬಂದ ಫಲ ನೋಡಿ ಹಿಂದಿನ ತೀರ್ಮಾನಕ್ಕೆ ಅಂಕ ಕೊಡುವುದು ಉತ್ತರ ಸರಿಯಿದೆಯೆಂದು ಲೆಕ್ಕದ ಹಂತಗಳನ್ನು ನೋಡದೆ ಪೂರ್ತಿ ಅಂಕ ಹಾಕಿದ ಹಾಗೆ.

ಪಿಎಸ್‌ಜಿಯ ಮಾತು ಬಂದದ್ದರಿಂದ ಒಂದು ತಮಾಷೆ ಹೇಳದೆ ಬಿಡಲಾರೆ. ಎಂಟು ವರ್ಷ ದುಡಿದ ಸಿಲ್ವಾನನ್ನು 2020ರಲ್ಲಿ ಮೂವತ್ತೈದಾಯಿತೆಂದು ಕಳಿಸಿಕೊಟ್ಟದ್ದು ಇದೇ ಕ್ಲಬ್. ಮರುವರ್ಷ ಮೂವತ್ತೈದರ ರಾಮೋಸ್‌ನಿಗೆ ಎರಡು ವರ್ಷ ಕೊಟ್ಟು ಕರೆದುಕೊಂಡದ್ದೂ ಇದೇ ಕ್ಲಬ್. ಅವರು ಕಳಿಸಿದ ಸಿಲ್ವಾ ಚೆಲ್ಸಿಯಲ್ಲಿ ನಾಲ್ಕು ವರ್ಷ ಆಡಿದ.

ನನ್ನನ್ನು ಕೇಳಿದ್ದರೆ ಸಿಲ್ವಾನಿಗೆ ಕಣ್ಣುಮುಚ್ಚಿ ಎರಡು ವರ್ಷ ಬರೆದುಕೊಡುತ್ತಿದ್ದೆ. ರಾಮೋಸ್‌ನಿಗೆ ಒಂದು ಹೌದು, ಎರಡು ಇಲ್ಲ. ಮೂವತ್ತೈದಾಯಿತೆಂದಲ್ಲ, ಆ ಆಟ ಆ ಮಂಡಿಯನ್ನು ನಂಬಿತ್ತು ಎಂಬುದಕ್ಕೆ. ಅದೇ ಬೇಸಿಗೆಯಲ್ಲಿ ಮತ್ತೊಬ್ಬ ನುರಿತ ಡಿಫೆಂಡರ್ ವರಾನೆಯನ್ನೂ ಮ್ಯಾಡ್ರಿಡ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮಾರಿತು. ಹೊಸಬರಿಗೆ ಹೇಳಿಕೊಡಲು ಒಬ್ಬ ಹಳಬ ಬೇಕಾದ ಹೊತ್ತು. ಮನುಷ್ಯ ತಗ್ಗಿ, ಕಡಿಮೆ ಸಂಬಳಕ್ಕೆ, ಒಂದೇ ವರ್ಷಕ್ಕೆ ಒಪ್ಪಿ ಬಂದಿದ್ದಾನೆ. ಆಗ ಗಡಿಯಾರ ತೋರಿಸಿದ್ದು ನನಗೆ ಸರಿಕಾಣಲಿಲ್ಲ. ಬೇಡವೆಂದಿದ್ದರೆ ಬೇಡವೆಂದೇ ಹೇಳಬಹುದಿತ್ತು. ಹಾಗೆ ಹೇಳಿದ್ದರೆ ನಾನು ಕ್ಲಬ್ಬಿನ ಪರವಾಗಿಯೇ ಇರುತ್ತಿದ್ದೆನೇನೋ. ಹಾಗೆಂದು ರಾಮೋಸ್ ಅಮಾಯಕನೂ ಅಲ್ಲ. ತಾನಿಲ್ಲದೆ ನಡೆಯದು ಎಂಬ ಧೈರ್ಯ ಇಲ್ಲದವರು ತಿಂಗಳುಗಟ್ಟಲೆ ಎಳೆದಾಡುವುದಿಲ್ಲ. ಅವನಿಗಿಂತ ಆರು ತಿಂಗಳು ದೊಡ್ಡವನಾದ ಮೋಡ್ರಿಚ್ ಅದೇ ಮೇ ತಿಂಗಳಲ್ಲಿ ಒಂದು ವರ್ಷಕ್ಕೆ ಸಹಿ ಹಾಕಿ ಸುಮ್ಮನೆ ಅಭ್ಯಾಸಕ್ಕೆ ಹೋದ. ಮರುವರ್ಷ ಮತ್ತೆ ಒಂದು, ಅದರ ಮರುವರ್ಷ ಮತ್ತೊಂದು. ಹೀಗೆ 2025ರವರೆಗೂ ಅಲ್ಲೇ ಆಡಿದ.

ರಾಮೋಸ್ 2023ರ ಸೆಪ್ಟೆಂಬರಿನಲ್ಲಿ ತಾನು ಮೊದಲು ಆಡಿದ ಸೆವಿಯ್ಯಾ ಕ್ಲಬ್ಬಿಗೆ ಮರಳಿ ಹೋದ. ಒಂದು ವರ್ಷದ ಕರಾರಿಗೆ. 2024ರ ಫೆಬ್ರವರಿ 25ರಂದು ಆ ಅಂಗಿ ತೊಟ್ಟು ಮ್ಯಾಡ್ರಿಡ್ಡಿನ ಮೈದಾನಕ್ಕೆ ಬಂದಾಗ ಹಳೆಯ ಪ್ರೇಕ್ಷಕರು ಚಪ್ಪಾಳೆ ತಟ್ಟಿ ಬರಮಾಡಿಕೊಂಡರು. ಮೂವತ್ತೇಳು ದಾಟಿದ ಮೇಲೂ ಅವನು ಚೆನ್ನಾಗಿಯೇ ಆಡಿದ. ಪಂದ್ಯ ಗೋಲಿಲ್ಲದೆ ಮುಗಿಯುವ ಹಾಗಿದ್ದಾಗ ಬದಲಿಯಾಗಿ ಒಳಗೆ ಬಂದವನೊಬ್ಬ ದೂರದಿಂದ ಹೊಡೆದು ಮ್ಯಾಡ್ರಿಡ್ಡನ್ನು 1-0ರಿಂದ ಗೆಲ್ಲಿಸಿದ. ಹೊಡೆದವನು ಮೂವತ್ತೆಂಟರ ಮೋಡ್ರಿಚ್.