ಕಾಣದ 26 ಎಲೆ: ಬ್ರಿಜ್ ರಸಿಕರಿಗೊಂದು ಕೈಪಿಡಿ

ಬ್ರಿಜ್ ಕಲಿಯಬೇಕೆಂದು ಹೊರಟವರ ಕೈಗೆ ಮೊದಲು ಬಂದು ಬೀಳುವುದು ಸಾಮಾನ್ಯವಾಗಿ ಒಂದು ಪಟ್ಟಿ. ಇಷ್ಟು ಪಾಯಿಂಟ್ ಇದ್ದರೆ ಹೀಗೆ ಬಿಡ್ ಮಾಡಬೇಕು, ಜೊತೆಗಾರ ಹೀಗಂದರೆ ಹಾಗನ್ನಬೇಕು, ಸ್ಟೇಮನ್ ಎಂದರೆ ಇದು, ಬ್ಲ್ಯಾಕ್‌ವುಡ್ ಎಂದರೆ ಅದು. ಪಟ್ಟಿ ಬಾಯಿಪಾಠವಾಗುವ ಮೊದಲೇ ಹಲವರು ರಮ್ಮಿಗೆ ಮರಳಿರುತ್ತಾರೆ. ಉಳಿದವರಲ್ಲಿ ಕೆಲವರು ಪಟ್ಟಿಯನ್ನೇ ಆಟವೆಂದು ನಂಬಿ ವರ್ಷಗಟ್ಟಲೆ ಆಡುತ್ತಾರೆ. ನನ್ನ ವಾದ ಇಷ್ಟೇ: ಬ್ರಿಜ್‌ನ ಸ್ವಾರಸ್ಯ ಇರುವುದು ಕಾಣದ ಎಲೆಗಳು ಎಲ್ಲಿವೆಯೆಂದು ಕಂಡ ಎಲೆಗಳಿಂದ, ಕೇಳಿದ ಮಾತಿನಿಂದ, ಆಡದೆ ಉಳಿದ ಮಾತಿನಿಂದಲೂ ತರ್ಕಿಸಿ ತಿಳಿಯುವುದರಲ್ಲಿ. ಆ ರುಚಿ ಮೊದಲು ಹತ್ತಬೇಕು. ಹತ್ತಿದ ಮೇಲೆ ಪಟ್ಟಿ ತಾನಾಗಿಯೇ ಬೇಕೆನಿಸುತ್ತದೆ.

ಇಪ್ಪತ್ತೆಂಟು ಆಡಿ ಗೊತ್ತಿರುವವರಿಗೆ ಬ್ರಿಜ್‌ನ ಚೌಕಟ್ಟು ಪೂರ್ತಿ ಹೊಸದೇನಲ್ಲ. ನಾಲ್ವರು ಆಟಗಾರರು, ಎದುರಿಗೆ ಕುಳಿತವರು ಜೊತೆಗಾರರು, ಮೊದಲು ಬಿಡ್ ಕೂಗುವುದು, ಆಮೇಲೆ ತುರುಫಿನ ಬಲದಲ್ಲಿ ಎಲೆ ಹಾಕುವುದು. ಅಲ್ಲಿ ಗುಲಾಮನೇ ದೊಡ್ಡವನು, ಇಲ್ಲಿ ಎಕ್ಕ. ಅಲ್ಲಿ ತುರುಫನ್ನು ಬೋರಲು ಹಾಕಿ ಬಚ್ಚಿಡುತ್ತಾರೆ, ಇಲ್ಲಿ ಅದು ಎಲ್ಲರಿಗೂ ಗೊತ್ತು. 52 ಎಲೆಯೂ ಹಂಚಿಹೋಗುತ್ತವೆ, ತಲೆಗೆ 13. ಇಳಿದ ಜಾತಿಯ ಎಲೆ ಕೈಯಲ್ಲಿದ್ದರೆ ಅದನ್ನೇ ಹಾಕಬೇಕು. ಪ್ರತಿ ಸುತ್ತಿನಲ್ಲೂ ದೊಡ್ಡ ಎಲೆ ಒಂದು ಟ್ರಿಕ್ ಗೆಲ್ಲುತ್ತದೆ. 'ನಾಲ್ಕು ಇಸ್ಪೀಟು' ಎಂದು ಬಿಡ್ ಮಾಡಿದರೆ ಆರರ ಮೇಲೆ ನಾಲ್ಕು, ಅಂದರೆ ಹತ್ತು ಟ್ರಿಕ್ ಗೆಲ್ಲುತ್ತೇವೆಂದು ಒಪ್ಪಿಕೊಂಡಂತೆ. ಗೆದ್ದ ಬಿಡ್ಡಿನ ಜಾತಿಯನ್ನು ಆ ಜೋಡಿಯಲ್ಲಿ ಮೊದಲು ಹೆಸರಿಸಿದವರು ಡಿಕ್ಲೇರರ್. ಅವರ ಎಡಗಡೆಯವರು ಮೊದಲ ಎಲೆ ಹಾಕಿದೊಡನೆ ಡಿಕ್ಲೇರರ್‌ನ ಜೊತೆಗಾರ ತನ್ನ 13 ಎಲೆಯನ್ನೂ ಮೇಜಿನ ಮೇಲೆ ತೆರೆದಿಟ್ಟು ಸುಮ್ಮನಾಗುತ್ತಾನೆ. ಅದೇ ಡಮ್ಮಿ. ಇಡೀ ಆಟದ ಜಾಣತನ ಈ ಏರ್ಪಾಟಿನಲ್ಲಿದೆ. ಈಗ ಮೇಜಿನ ಸುತ್ತ ಆಡುತ್ತಿರುವ ಮೂವರಿಗೂ ತಲಾ 26 ಎಲೆ ಕಾಣುತ್ತದೆ, 26 ಕಾಣುವುದಿಲ್ಲ. ಒಂದೂ ಕಾಣದಿದ್ದರೆ ತರ್ಕಕ್ಕೆ ಆಧಾರವಿಲ್ಲ, ಎಲ್ಲ ಕಂಡರೆ ತರ್ಕದ ಅಗತ್ಯವೇ ಇಲ್ಲ.

ಬಿಡ್ಡಿಂಗ್‌ಗೆ ಇಷ್ಟು ಮಹತ್ವ ಬಂದದ್ದು ಅಂಕ ಹಾಕುವ ಪದ್ಧತಿಯಿಂದ. ಮೊದಲಿದ್ದ ಆಕ್ಷನ್ ಬ್ರಿಜ್‌ನಲ್ಲಿ ಕಡಿಮೆ ಬಿಡ್ ಮಾಡಿ ಹೆಚ್ಚು ಗೆದ್ದರೂ ಆ ಹೆಚ್ಚಿನದು 'ಗೇಮ್' ಎಂಬ ದೊಡ್ಡ ಬಹುಮಾನದ ಲೆಕ್ಕಕ್ಕೆ ಸೇರುತ್ತಿತ್ತು. 1925ರಲ್ಲಿ ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಪನಾಮಾ ಕಾಲುವೆಯ ಮೂಲಕ ಸಾಗಿದ ಹಡಗುಯಾನದಲ್ಲಿ ಸಹಪ್ರಯಾಣಿಕರೊಡನೆ ಪ್ರಯೋಗಿಸಿ ನೋಡಿದ ಹೊಸ ಅಂಕಪಟ್ಟಿ ಇದನ್ನು ಬದಲಿಸಿತು: ಒಪ್ಪಿಕೊಂಡಷ್ಟಕ್ಕೆ ಮಾತ್ರ ಗೇಮ್‌ನ ಗೌರವ. ಇಂದಿನ ಲೆಕ್ಕದಲ್ಲಿ ಮೂರು ಇಸ್ಪೀಟು ಎಂದು ಹತ್ತು ಟ್ರಿಕ್ ಗೆದ್ದರೆ 170, ನಾಲ್ಕು ಇಸ್ಪೀಟು ಎಂದು ಅದೇ ಹತ್ತು ಗೆದ್ದರೆ 420 (ಸೋತಾಗಲೂ ಗೆದ್ದಾಗಲೂ ಅಂಕ ಹಿಗ್ಗಿಸುವ 'ವಲ್ನರಬಲ್' ಸ್ಥಿತಿಯ ಗೊಡವೆ ಸದ್ಯಕ್ಕೆ ಬೇಡ). ಎಲೆಗಳು ಅವೇ, ಟ್ರಿಕ್‌ಗಳೂ ಅಷ್ಟೇ. ವ್ಯತ್ಯಾಸವೆಲ್ಲ ಜೊತೆಗಾರನ ಕೈಯನ್ನು ಮೊದಲೇ ಸರಿಯಾಗಿ ಅಂದಾಜು ಮಾಡಿದಿರೋ ಇಲ್ಲವೋ ಎಂಬುದರಲ್ಲಿ. ಆ ಅಂದಾಜಿಗೆ ದಕ್ಕುವ ಭಾಷೆಯೋ ತೀರಾ ಸಣ್ಣದು: 35 ಬಿಡ್, ಜೊತೆಗೆ ಪಾಸ್, ಡಬಲ್, ರೀಡಬಲ್. ಈ 38 ಮಾತಿನಲ್ಲೇ ಎಲ್ಲವನ್ನೂ ಹೇಳಿ ಮುಗಿಸಬೇಕು. ಕೈಯ ಬಲ ಅಳೆಯಲು ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂಬ ಲೆಕ್ಕ. ಒಟ್ಟು 40. ಕೈಯಲ್ಲಿ 12-13 ಇದ್ದವರು ಬಿಡ್ ಆರಂಭಿಸುತ್ತಾರೆ. ಹೊಸಬರಿಗೆ ಇಷ್ಟು ಸಾಕು. ಇಷ್ಟರಿಂದಲೇ ಏನೇನು ಬಿಚ್ಚಿಕೊಳ್ಳುತ್ತದೆಂದು ಒಂದು ಕೈಯಲ್ಲಿ ನೋಡೋಣ.

ನೀವು ದಕ್ಷಿಣದಲ್ಲಿ ಕುಳಿತು ನಾಲ್ಕು ಇಸ್ಪೀಟು ಆಡುತ್ತಿದ್ದೀರಿ. ಹತ್ತು ಟ್ರಿಕ್ ಬೇಕು, ಮೂರನ್ನು ಮಾತ್ರ ಬಿಟ್ಟುಕೊಡಬಹುದು. ನಿಮ್ಮ ಎಡಗಡೆಯ ಪಶ್ಚಿಮದವರು ಎಲೆ ಹಂಚಿದವರು. ಮೊದಲ ಮಾತೂ ಅವರದೇ, ಅವರು 'ಪಾಸ್' ಎಂದಿದ್ದರು. ಆಟ ಶುರುವಾಗಿ ಅವರು ಆಟೀನಿನ ಎಕ್ಕ, ರಾಜ ಎರಡನ್ನೂ ಗೆದ್ದರು. ಮುಂದೆ ಡೈಮಂಡ್ ಎಕ್ಕವೂ ಅವರ ಕೈಯಿಂದಲೇ ಬಂತು. ಮೂರು ಟ್ರಿಕ್ ಹೋದವು, ಇನ್ನೊಂದು ಹೋದರೆ ಸೋಲು. ಉಳಿದ ಪ್ರಶ್ನೆ ಕಳಾವರ್ ರಾಣಿಯದು. ಡಮ್ಮಿಯಲ್ಲಿ ಆ ಜಾತಿಯ ಎಕ್ಕ, ಗುಲಾಮ ಮತ್ತೊಂದು ಸಣ್ಣದು; ನಿಮ್ಮಲ್ಲಿ ರಾಜ, ಹತ್ತು, ಇನ್ನೊಂದು ಸಣ್ಣದು. ರಾಣಿ ಪಶ್ಚಿಮದಲ್ಲಿದ್ದರೆ ಒಂದು ದಿಕ್ಕಿನಿಂದ, ಪೂರ್ವದಲ್ಲಿದ್ದರೆ ಇನ್ನೊಂದು ದಿಕ್ಕಿನಿಂದ ಅವಳನ್ನು ಸಿಕ್ಕಿಸಬಹುದು. ಇಂಥ ತಂತ್ರಕ್ಕೆ ಫಿನೆಸ್ ಎಂದು ಹೆಸರು. ಮೇಲ್ನೋಟಕ್ಕೆ ಸರಿ ಅರ್ಧ ಅವಕಾಶ, ನಾಣ್ಯ ಚಿಮ್ಮಬೇಕು. ಆದರೆ ಪಶ್ಚಿಮದವರ ಎಲೆಗಳನ್ನು ಕೂಡಿಸಿ ನೋಡಿ: ಎಕ್ಕ 4, ರಾಜ 3, ಇನ್ನೊಂದು ಎಕ್ಕ 4, ಒಟ್ಟು 11. ರಾಣಿಯೂ ಅವರಲ್ಲಿದ್ದಿದ್ದರೆ 13 ಆಗುತ್ತಿತ್ತು. ಹದಿಮೂರು ಇಟ್ಟುಕೊಂಡು ಪಾಸ್ ಎನ್ನುವವರು ಅಪರೂಪ. ಹಾಗಾಗಿ ರಾಣಿ ಪೂರ್ವದಲ್ಲಿ. ಡಮ್ಮಿಯಿಂದ ಗುಲಾಮನನ್ನು ಇಳಿಸಿ. ಪೂರ್ವದವರು ರಾಣಿ ಹಾಕಿದರೆ ರಾಜನಿಂದ ಹೊಡೆಯಿರಿ, ಹಾಕದಿದ್ದರೆ ನಿಮ್ಮ ಕೈಯಿಂದ ಸಣ್ಣದನ್ನು ಹಾಕಿ, ಗುಲಾಮನೇ ಗೆಲ್ಲುತ್ತಾನೆ. ಗೆಲುವು ತಂದದ್ದು ಆಟದ ಮೊಟ್ಟಮೊದಲಲ್ಲಿ ಯಾರೋ ಆಡದೆ ಬಿಟ್ಟ ಒಂದು ಮಾತು. ಬ್ರಿಜ್‌ನ ರಸವೆಂದು ನಾನು ಹೇಳುತ್ತಿರುವುದು ಇದನ್ನೇ.

ಸಂಭಾವ್ಯತೆಯ ಅಂಕಿಗಳಿಗೂ ಇಲ್ಲಿ ಜಾಗವಿದೆ. ಎದುರಾಳಿಗಳ ಕೈಯಲ್ಲಿ ಒಂದು ಜಾತಿಯ ಐದು ಎಲೆ ಇದ್ದರೆ ಅವು 3-2 ಆಗಿ ಹಂಚಿಹೋಗುವುದು ನೂರರಲ್ಲಿ 68 ಸಲ, 4-1 ಆಗುವುದು 28 ಸಲ. ನಾಲ್ಕೇ ಇದ್ದರೆ ಸಮಪಾಲು ಸಹಜವೆಂದು ಅನಿಸುತ್ತದೆ. ವಾಸ್ತವದಲ್ಲಿ 2-2 ಆಗುವುದು 41 ಸಲ, 3-1 ಆಗುವುದು 50 ಸಲ. ಇವು ಗೊತ್ತಿರಲಿ. ಆದರೆ ಸುಳಿವು ಸಿಕ್ಕ ಕ್ಷಣದಲ್ಲಿ ಇವನ್ನು ಕೈಬಿಡಲೂ ಗೊತ್ತಿರಬೇಕು. ಮೇಲಿನ ಕೈಯಲ್ಲಿ ಅರ್ಧಕ್ಕರ್ಧ ಎನ್ನುವ ಅಂಕಿಗೇ ಜೋತುಬಿದ್ದವರು ಎರಡು ಸಲದಲ್ಲಿ ಒಂದು ಸಲ ಸೋಲುತ್ತಾರೆ.

ಇದೆಲ್ಲ ಸರಿ, ಎಲೆ ಚೆನ್ನಾಗಿ ಬಿದ್ದವರು ಗೆಲ್ಲುತ್ತಾರೆ, ಅದೃಷ್ಟದ ಮೇಲೆ ಇಷ್ಟು ಪಾಂಡಿತ್ಯವೇಕೆ ಎಂದು ಕೇಳಬಹುದು. ಒಂದೇ ಮೇಜಿನಲ್ಲಿ ಒಂದು ಸಂಜೆ ಆಡುವವರ ಮಟ್ಟಿಗೆ ಆಕ್ಷೇಪ ನಿಜ. ಸ್ಪರ್ಧೆಗಳಲ್ಲಿ ಆಡುವ ಡೂಪ್ಲಿಕೇಟ್ ಪದ್ಧತಿ ಹುಟ್ಟಿದ್ದೇ ಅದಕ್ಕೆ ಉತ್ತರವಾಗಿ. ಎಲೆಗಳನ್ನು ಮಧ್ಯಕ್ಕೆ ಎಸೆಯದೆ ತಂತಮ್ಮ ಮುಂದೆ ಇಟ್ಟುಕೊಂಡು, ಆಟ ಮುಗಿದ ಮೇಲೆ ನಾಲ್ಕೂ ಕೈಯನ್ನು ಹಾಗೇ ಒಂದು ಹಲಗೆಯ ಅರೆಗಳಿಗೆ ತುಂಬಿ ಮುಂದಿನ ಮೇಜಿಗೆ ಕಳಿಸುತ್ತಾರೆ. ನಿಮ್ಮ ಹೋಲಿಕೆ ಅದೇ ದಿಕ್ಕಿನಲ್ಲಿ ಅದೇ ಎಲೆ ಹಿಡಿದು ಆಡಿದ ಬೇರೆ ಜೋಡಿಗಳೊಂದಿಗೆ. ಮೂರು ಪಾಯಿಂಟಿನ ದರಿದ್ರ ಕೈ ಬಂದರೂ, ಬೇರೆಯವರು 420 ಬಿಟ್ಟುಕೊಟ್ಟ ಕಡೆ ನೀವು 170 ಬಿಟ್ಟುಕೊಟ್ಟರೆ ಆ ಹಲಗೆ ನಿಮ್ಮದು.

ಇಸ್ಪೀಟೆಂದರೆ ಜೂಜು ಎಂಬ ಎರಡನೆಯ ಆಕ್ಷೇಪಕ್ಕೆ ನಮ್ಮಲ್ಲಿ ಬೇರು ಆಳವಾಗಿದೆ, ಅಂದರ್ ಬಾಹರ್ ಕಂಡ ಊರುಗಳಲ್ಲಿ ಅದು ಅಕಾರಣವೂ ಅಲ್ಲ. ಬ್ರಿಜ್ಜನ್ನೂ ಹಣ ಕಟ್ಟಿ ಆಡಿದವರಿದ್ದಾರೆ. ಆದರೆ 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ತೀರ್ಪು ಕೊಡುವಾಗ ಅಳತೆಗೋಲಾಗಿ ಹಿಡಿದದ್ದು ಬ್ರಿಜ್ಜನ್ನೇ: ಅಲ್ಲಿ ಎಲೆ ಹಂಚುವಾಗ ಇರುವಂಥ ಅದೃಷ್ಟವೇ ರಮ್ಮಿಯಲ್ಲೂ ಇರುವುದೆಂದಿತು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ಗೆ ಬ್ರಿಜ್ ಮೊದಲ ಬಾರಿ ಸೇರಿದಾಗ ಪುರುಷರ ಜೋಡಿ ವಿಭಾಗದ ಚಿನ್ನ ಗೆದ್ದವರು ಭಾರತದ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್. ಆಗ ಒಬ್ಬರಿಗೆ 60, ಇನ್ನೊಬ್ಬರಿಗೆ 56 ವರ್ಷ. ಕ್ರೀಡಾಕೂಟಗಳಲ್ಲಿ ಆ ವಯಸ್ಸಿನವರು ಸಾಮಾನ್ಯವಾಗಿ ಪ್ರೇಕ್ಷಕರ ಸಾಲಿನಲ್ಲಿರುತ್ತಾರೆ.

ಗಂಭೀರವಾದ ಆಕ್ಷೇಪ ಮೂರನೆಯದು: ಜೊತೆಗಾರರ ಸಂಕೇತಗಳೇ ಆಟವನ್ನು ನುಂಗಿವೆ, ಹೊರಗಿನವರಿಗೆ ಅದು ಗುಪ್ತಭಾಷೆ. ಸಂಕೇತಗಳು ಬೆಳೆದಿರುವುದು ನಿಜ, ಗುಪ್ತವೆನ್ನುವುದು ತಪ್ಪು. ಜೋಡಿಯ ನಡುವಿನ ಪ್ರತಿಯೊಂದು ಒಪ್ಪಂದವನ್ನೂ ಎದುರಾಳಿ ಕೇಳಿದರೆ ಹೇಳಲೇಬೇಕು. ದನಿಯ ಏರಿಳಿತದಿಂದಲೂ ಸುಳಿವು ದಾಟಬಾರದೆಂದು ಬಿಡ್‌ಗಳನ್ನು ಬಾಯಲ್ಲಿ ಹೇಳದೆ ಪೆಟ್ಟಿಗೆಯಿಂದ ಚೀಟಿ ತೆಗೆದಿಡುತ್ತಾರೆ. ದೊಡ್ಡ ಪಂದ್ಯಗಳಲ್ಲಿ ಮೇಜಿನ ಅಡ್ಡಕ್ಕೆ ಪರದೆ ನಿಲ್ಲಿಸಿ ಜೊತೆಗಾರರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಮಾಡುತ್ತಾರೆ. ಇಷ್ಟೆಲ್ಲ ಕಾವಲಿದ್ದೂ ಮೋಸದ ಹಗರಣಗಳು ನಡೆದಿವೆ, 2015ರಲ್ಲಿ ಅಗ್ರಶ್ರೇಣಿಯ ಜೋಡಿಗಳ ಹೆಸರೇ ಹೊರಬಿತ್ತು. ಕಾಣದ ಎಲೆಯ ಒಂದು ಸುಳಿವಿಗೆ ಎಷ್ಟು ಬೆಲೆಯಿದೆಯೆಂಬುದಕ್ಕೆ ಅದೂ ಸಾಕ್ಷಿಯೇ.

ಆಟದ ರಸ ಕಾಣದ ಎಲೆಯ ತರ್ಕದಲ್ಲಿದೆ ಎಂದಮೇಲೆ ಕಲಿಕೆಯ ಕ್ರಮವೂ ಅದರಿಂದಲೇ ಹೊರಡುತ್ತದೆ. ಮೊದಲು ಬಿಡ್ಡಿಂಗ್ ಇಲ್ಲದ ಮಿನಿಬ್ರಿಜ್ ಆಡಿ: ನಾಲ್ವರೂ ತಮ್ಮ ಪಾಯಿಂಟ್ ಹೇಳುತ್ತಾರೆ, ಹೆಚ್ಚಿರುವ ಜೋಡಿ ಡಮ್ಮಿಯನ್ನು ನೋಡಿ ಗುರಿ ಆರಿಸಿಕೊಳ್ಳುತ್ತದೆ. ಎಲ್ಲ 52 ಎಲೆ ನೆನಪಿಡುವ ಶಪಥ ಬೇಡ. ತುರುಫಿನ ಹದಿಮೂರನ್ನು ಮಾತ್ರ ಎಣಿಸಿ, ಅದು ರೂಢಿಯಾದ ಮೇಲೆ ಇನ್ನೊಂದು ಜಾತಿ. ದೊಡ್ಡವರ ಆಟ ನೋಡಲು ಬ್ರಿಜ್ ಬೇಸ್ ಆನ್‌ಲೈನ್ ಎಂಬ ತಾಣವಿದೆ, ಆದರೆ ಅಲ್ಲಿ ಪಂದ್ಯದ ನೇರ ಪ್ರಸಾರದಲ್ಲಿ ನಾಲ್ಕೂ ಕೈ ತೆರೆದೇ ಕಾಣುತ್ತವೆ. ಹಾಗೆ ನೋಡಿದರೆ ಪ್ರತಿ ಒಳ್ಳೆಯ ಆಟವೂ ಸುಲಭವೆನಿಸುತ್ತದೆ, ಪ್ರತಿ ತಪ್ಪೂ ಪೆದ್ದುತನವೆನಿಸುತ್ತದೆ. ಆದ್ದರಿಂದ ಪರದೆಯ ಮೇಲೆ ಎರಡು ಕೈಗಳಿಗೆ ಕಾಗದ ಅಡ್ಡ ಹಿಡಿಯಿರಿ. ಡಿಕ್ಲೇರರ್‌ನ ಕೈ, ಡಮ್ಮಿ, ನಡೆದ ಬಿಡ್ಡಿಂಗ್ ಇವಿಷ್ಟನ್ನೇ ನೋಡಿ, ಅವರು ಎಲೆ ಎತ್ತುವ ಮೊದಲು ನಿಮ್ಮ ಎಲೆ ಯಾವುದೆಂದು ಗಟ್ಟಿಯಾಗಿ ಹೇಳಿ, ಆಮೇಲೆ ಕಾಗದ ತೆಗೆಯಿರಿ.